ವಲಯ ನಲವತ್ತೇಳರ ಕೊಕ್ಕರೆ

ನಮ್ಮ ಮಾದರಿಯಲ್ಲಿ ವಲಯ ನಲವತ್ತೇಳರ
ಹನ್ನೊಂದು ಸಾವಿರ ಜನ
ಒಂದೇ ಚುಕ್ಕೆಯೊಳಗೆ ಮಲಗಿ, ಅದೇ ಚುಕ್ಕೆಯಿಂದ ಏಳುತ್ತಾರೆ.
ಚುಕ್ಕೆಯನ್ನು ವಲಯದ ನಟ್ಟನಡುವೆ ಇಡಬೇಕು, ಅದು ನಿಯಮ.
ಅಂತಾನಾನರಿವೋದ ನಡುವೆ ಭತ್ತದ ಗದ್ದೆಗಳಿವೆ,
ಅದು ನೆಲದ ನಿಯಮ.
ಹಾಗಾಗಿ ದಿನಾ ಬೆಳಗ್ಗೆ ಆರಕ್ಕೆ
ಮೊಣಕಾಲುದ್ದದ ಕೆಸರಿನಿಂದ ಹೊರಡುತ್ತಾರೆ ಎಲ್ಲರೂ,
ಗುಮಾಸ್ತರು, ಶಾಲೆಮಕ್ಕಳು, ಪಾದ್ರಿ, ಬೀಗ ರಿಪೇರಿಯವನು.
ಉಪಗ್ರಹದ ಚಿತ್ರದಲ್ಲಿ ಅಲ್ಲೊಂದು ಬಿಳಿ ಕಲೆ.
ಕೊಕ್ಕರೆ ಅಂದುಕೊಂಡಿದ್ದೇನೆ.

ಗುರುತ್ವದ ಸೂತ್ರ ನಮ್ಮದು:
ದೊಡ್ಡ ಪೇಟೆ ಹೆಚ್ಚು ಎಳೆಯುತ್ತದೆ,
ದೂರವಾದಷ್ಟೂ ಎಳೆತ ಸೋಲುತ್ತದೆ.
ಮಾಗಿದ ಹಣ್ಣಿನ ಹಾಗೆ ಜನ ಅನಾಲಕೇಲಿಗೆ ಉದುರಬೇಕು.
ಉದುರದಿದ್ದರೆ?
ಸೇತುವೆಯ ಮೇಲೆ ಸೂತ್ರ ಹೇಳಿದ್ದು ಮೂರು ಸಾವಿರದ ಇನ್ನೂರು,
ಚಳಿಯಲ್ಲಿ ನಿಂತು ಹುಡುಗರು ಎಣಿಸಿ ತಂದದ್ದು ಸಾವಿರದ ಒಂಬೈನೂರು.
ಆಗ ‘ಕೆ’ ಅನ್ನುವ ಅಂಕಿಯಿಂದ ಗುಣಿಸಿಬಿಡುತ್ತೇವೆ.
ಕೆ ಅಂದರೇನು ಮೇಡಂ, ಕೇಳಿದ ಹೊಸಬ ತ್ಸಿಯೂರಿ.
ನಮಗೆ ಗೊತ್ತಿಲ್ಲದ್ದು, ಅಂದೆ.
ಸೊನ್ನೆ ದಶಾಂಶ ಐದು ಒಂಬತ್ತು.
ಗೊತ್ತಿಲ್ಲದ್ದೂ ಇಷ್ಟು ಕರಾರುವಾಕ್ಕಾ, ಅಂದ.

ಕಲ್ಲುಮೆಟ್ಟಿಲ ಬುಡದಲ್ಲಿ ಸಿಕ್ಕವಳು ರನೋವೆಲೋನ,
ತಲೆಯ ಮೇಲೆ ನೀರುಸೊಪ್ಪಿನ ಬುಟ್ಟಿ, ಇನ್ನೂ ತೊಟ್ಟಿಕ್ಕುತ್ತಿದೆ.
ನಿನ್ನೆ ಎಲ್ಲಿಂದ ಎಲ್ಲಿಗೆ ಹೋದಿರಿ?
ಮನೆಯಿಂದ ಸೊಪ್ಪಿನ ಮಡಿಗೆ, ಅಲ್ಲಿಂದ ತಂಗಿಯ ಮನೆಗೆ, ಕೂಸು ಬಿಡಲು,
ನಲ್ಲಿಗೆ, ಅತ್ತೆಯ ಔಷಧಿಗೆ, ಔಷಧಿ ಅಂಗಡಿ ಮುಚ್ಚಿತ್ತು, ವಾಪಸ್ಸು,
ಆಮೇಲೆ ಬಸ್ಸು ನಿಲ್ಲುವಲ್ಲಿಗೆ. ಅಷ್ಟರಲ್ಲಿ ಏಳೂವರೆ.
ನಮ್ಮ ನಮೂನೆಯಲ್ಲಿ ತಲೆಗೆ ಎರಡು ಸಾಲು.
ಉದ್ದೇಶ: ಕೆಲಸ, ಶಾಲೆ, ಖರೀದಿ, ಇತರೆ.
ಇತರೆಗೆ ಗುರುತು ಹಾಕಿದೆ.
ಟ್ಯಾಕ್ಸಿ-ಬೆಯ ನಡುದಾರಿಯ ಮಡಚು ಸೀಟಿನಲ್ಲಿ ಕೂತ ಹಾಗೆ
ಆ ಮೂರಕ್ಷರದಲ್ಲಿ ಕುತ್ತಿಗೆ ಬಗ್ಗಿಸಿ ಕೂತಿತು
ಅವಳ ಇಡೀ ಬೆಳಗು.

ನಿಂತು ಕಾಯುವ ಒಂದು ನಿಮಿಷ
ಕೂತು ಸಾಗುವ ಎರಡು ನಿಮಿಷಕ್ಕೆ ಸಮ.
ಕಾಯುವುದು ನಷ್ಟ, ನಾವು ಓದಿದ್ದು ಹಾಗೆ.
ಅದಕ್ಕೇ ಖುಷಿಯ ಸುದ್ದಿ ಎಂದು ಹೇಳಿದೆ:
ಹೊಸ ಯೋಜನೆ ಬಂದರೆ ಐದು ನಿಮಿಷಕ್ಕೊಂದು ಬಸ್ಸು.
ಬುಟ್ಟಿ ಇಳಿಸಿಯೇಬಿಟ್ಟಳು.
ಐದೇ ನಿಮಿಷವಾ? ಮತ್ತೆ ಸೊಪ್ಪು ಯಾರು ಕೊಳ್ಳುತ್ತಾರೆ?
ಬಸ್ಸು ಬಾರದಾಗಲೇ ತಾಯಿ
ಜನಕ್ಕೆ ರಾತ್ರಿಯಡುಗೆ ನೆನಪಾಗುವುದು.
ಇಪ್ಪತ್ತು ಮಾಡು.
ಹೋಗಲಿ, ಹದಿನೈದು.
ನಾನು ಹತ್ತು ಅಂದೆ, ಹೇಗೆ ಬಾಯಿಗೆ ಬಂತೋ.

ಆ ರಾತ್ರಿ ಕಚೇರಿಯಲ್ಲಿ
ಎರಡು ಸಾವಿರದ ನಲವತ್ತನೇ ಇಸವಿ ಓಡುತ್ತಿತ್ತು.
ಸುತ್ತು ಹದಿನೇಳು, ಹದಿನೆಂಟು.
ಈ ರಸ್ತೆ ತುಂಬಿ ಆ ರಸ್ತೆಗೆ ಚೆಲ್ಲುವರು,
ಅದು ತುಂಬಿದರೆ ಮತ್ತೆ ಇದಕ್ಕೇ.
ಸಮತೋಲ ಬರಲಿಲ್ಲ. ಕರೆಂಟು ಹೋಯಿತು.
ಮೇಣದಬತ್ತಿಯ ಬೆಳಕಲ್ಲಿ ನಕಾಶೆ ಹರಡಿ
ಬಿಟ್ಟುಹೋಗಿದ್ದ ಮೆಟ್ಟಿಲಿಗೆ ಗೆರೆ ಎಳೆದೆ,
ಇನ್ನೂರ ಹದಿನಾಲ್ಕು ಕಲ್ಲು.
ಗಾಡಿ ಹೋಗದ್ದು ನಮ್ಮ ಜಾಲದಲ್ಲಿ ದಾರಿಯಲ್ಲ,
ಊರು ಹತ್ತಿಳಿಯುವುದು ಮಾತ್ರ ಅಲ್ಲೇ.
ವೇಗ ಎಷ್ಟು ಬರೆಯಲಿ? ಸಾಮರ್ಥ್ಯ?
ತ್ಸಿಯೂರಿ ಕತ್ತಲಲ್ಲೇ ಹೇಳಿದ:
ಬುಟ್ಟಿ ಇದ್ದರೆ ಒಬ್ಬರು, ಇಲ್ಲದಿದ್ದರೆ ಇಬ್ಬರು.
ಮಳೆ ಬಂದರೆ ನನ್ನಜ್ಜಿಗೆ ಕೈ ಕೊಡುವವರು ಒಬ್ಬರು ಬೇಕು,
ಅವರನ್ನು ಎಲ್ಲಿ ಹಾಕುತ್ತೀರಿ?
ಕೆ-ಯತ್ತ ಹೋದ ಕೈ ಹಿಂದೆಗೆದೆ.

ಬೆಳಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು
ಬದುವಿನ ಮೇಲೆ ಜಾರುತ್ತ ಚುಕ್ಕೆಯಿರುವಲ್ಲಿಗೆ ಹೋದೆ.
ಹನ್ನೊಂದು ಸಾವಿರದಲ್ಲಿ ಒಬ್ಬರೂ ಇರಲಿಲ್ಲ.
ಕೊಕ್ಕರೆಯೂ ಅಲ್ಲ ಅದು,
ಗೊಬ್ಬರದ ಬಿಳಿ ಚೀಲ ತೊಡಿಸಿದ ಬೆದರುಗಂಬ.
ಏರಿಯ ಮೇಲೆ ಬುಟ್ಟಿಗಳ ಸಾಲು ನಿಂತು ನೋಡಿತು.
ಯಾರೋ ಕೂಗಿ ಕೇಳಿದರು:
ಅಲ್ಲೇನು ಕೆಲಸ ನಿಮಗೆ?
ಇತರೆ, ಅಂದೆ.
ಕೇಳಿಸಿರಲಾರದು. ಬಸ್ಸು ಬಂದಿತ್ತು.